ಗರಿ ಹಿಡಿದ ಸದಸ್ಯ

ಶಾಸನಸಭೆಯಲ್ಲಿ ಒಬ್ಬನೇ ಸದಸ್ಯ ‘ಇಲ್ಲ’ ಎಂದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಬಹುಮತದ ಸದ್ದಿನಲ್ಲಿ ಆ ಮಾತು ಮುಳುಗಿಹೋಗುತ್ತದೆ. 1990ರ ಜೂನ್ 12ರಂದು ಕೆನಡಾದ ಮ್ಯಾನಿಟೋಬಾ ಪ್ರಾಂತದ ಶಾಸನಸಭೆಯಲ್ಲಿ ಹಾಗಾಗಲಿಲ್ಲ. ಅಂದು ಇಲ್ಲ ಎಂದವರು ಎಲಿಜಾ ಹಾರ್ಪರ್. ಕೈಯಲ್ಲಿ ಹದ್ದಿನದೊಂದು ಗರಿ.

ಹಾರ್ಪರ್ ಹುಟ್ಟಿದ್ದು 1949ರಲ್ಲಿ, ಪ್ರಾಂತದ ಈಶಾನ್ಯದ ರೆಡ್ ಸಕ್ಕರ್ ಲೇಕ್ ಎಂಬ ಆದಿವಾಸಿ ನೆಲೆಯಲ್ಲಿ. ಮನೆಮಾತು ಓಜಿ-ಕ್ರೀ. ಆ ಕಾಲದ ಅನೇಕ ಆದಿವಾಸಿ ಮಕ್ಕಳಂತೆ ಅವರೂ ಮನೆಯಿಂದ ದೂರದ ವಸತಿ ಶಾಲೆಗಳಲ್ಲಿ ಓದಿದವರು. ಅವರು ಮೂರು ವರ್ಷದ ಕೂಸಾಗಿದ್ದಾಗ, 1952ರಲ್ಲಷ್ಟೇ, ಒಪ್ಪಂದಕ್ಕೆ ಒಳಪಟ್ಟ ಆದಿವಾಸಿಗಳಿಗೆ ಮ್ಯಾನಿಟೋಬಾದಲ್ಲಿ ಮತದಾನದ ಹಕ್ಕು ದೊರೆಯಿತು. ರಾಷ್ಟ್ರದ ಚುನಾವಣೆಯಲ್ಲಿ ಮತ ಹಾಕಲು 1960ರವರೆಗೆ ಕಾಯಬೇಕಾಯಿತು. ತಮ್ಮ ನೆಲದಲ್ಲೇ!

1978ರಲ್ಲಿ ಊರಿನ ಮುಖ್ಯಸ್ಥರಾದ ಹಾರ್ಪರ್, 1981ರಲ್ಲಿ ನ್ಯೂ ಡೆಮಾಕ್ರಟಿಕ್ ಪಕ್ಷದಿಂದ ರೂಪರ್ಟ್ಸ್‌ಲ್ಯಾಂಡ್ ಕ್ಷೇತ್ರದ ಶಾಸಕರಾದರು. ಮುಂದೆ ಉತ್ತರ ಪ್ರದೇಶಗಳ ವ್ಯವಹಾರಗಳ ಸಚಿವರೂ ಆದರು. ಆದರೆ ಅವರ ಹೆಸರು ಉಳಿದದ್ದು ಸಚಿವಗಿರಿಯಿಂದಲ್ಲ.

1987ರಲ್ಲಿ ಪ್ರಧಾನಿ ಬ್ರಯಾನ್ ಮಲ್ರೋನಿ ಮತ್ತು ಹತ್ತು ಪ್ರಾಂತಗಳ ಮುಖ್ಯಸ್ಥರು ಸೇರಿ ಮೀಚ್ ಲೇಕ್ ಒಪ್ಪಂದ ರೂಪಿಸಿದ್ದರು. ಫ್ರೆಂಚ್ ಮಾತಿನ ಕ್ವಿಬೆಕ್ ಪ್ರಾಂತವನ್ನು ‘ವಿಶಿಷ್ಟ ಸಮಾಜ’ವೆಂದು ಸಂವಿಧಾನದಲ್ಲಿ ಮನ್ನಿಸುವುದು ಅದರ ತಿರುಳು. ಕ್ವಿಬೆಕ್ ಪ್ರತ್ಯೇಕವಾಗದಂತೆ ತಡೆಯುವ ಉದ್ದೇಶ ಸಣ್ಣದೇನಲ್ಲ. ಆದರೆ ಇಂಗ್ಲಿಷರಿಗೂ ಫ್ರೆಂಚರಿಗೂ ಮೊದಲೇ ಅಲ್ಲಿದ್ದವರನ್ನು ಮಾತುಕತೆಗೆ ಕರೆಯಲೇ ಇಲ್ಲ. ಹಾರ್ಪರ್ ಅವರ ತಕರಾರು ಕ್ವಿಬೆಕ್ ಮೇಲಲ್ಲ, ಈ ಮರೆವಿನ ಮೇಲೆ.

ಒಪ್ಪಂದವನ್ನು 1990ರ ಜೂನ್ 23ರೊಳಗೆ ಎಲ್ಲ ಪ್ರಾಂತಗಳೂ ಅಂಗೀಕರಿಸಬೇಕಿತ್ತು. ಮ್ಯಾನಿಟೋಬಾದಲ್ಲಿ ಜನರ ಅಹವಾಲು ಕೇಳಿದ ನಂತರವೇ ಮತಕ್ಕೆ ಹಾಕುವುದು ನಿಯಮ. ಗಡುವು ಹತ್ತಿರ ಬಂದಿತ್ತು. ಆಳುವ ಪಕ್ಷ, ವಿರೋಧ ಪಕ್ಷಗಳು, ಹಾರ್ಪರ್ ಅವರ ಸ್ವಂತ ಪಕ್ಷದ ನಾಯಕರೂ ಸೇರಿ, ಎಲ್ಲರೂ ನಿರ್ಣಯವನ್ನು ಬೇಗ ಮುಗಿಸಲು ಒಪ್ಪಿದ್ದರು. ಮುಂಚಿತವಾಗಿ ತಿಳಿಸಬೇಕೆಂಬ ನಿಯಮ ಬದಿಗಿಡಲು ಸದನದ ಸರ್ವಾನುಮತ ಬೇಕು. ಸಭಾಧ್ಯಕ್ಷರು ಕೇಳಿದರು. ಹಾರ್ಪರ್ ಒಪ್ಪಲಿಲ್ಲ. ಮುಂದಿನ ದಿನಗಳಲ್ಲೂ ಒಪ್ಪಲಿಲ್ಲ. ಹೊರಗೆ ಆದಿವಾಸಿ ಜನ ನೆರೆದು ಡೋಲು ಬಾರಿಸುತ್ತಿದ್ದರು.

ಅವರು ನಿಯಮ ಮುರಿಯಲಿಲ್ಲ, ಪಾಲಿಸಿ ಎಂದರು ಅಷ್ಟೆ. ಇದನ್ನು ಹಟಮಾರಿತನ ಎಂದವರು ಗಮನಿಸಬೇಕು. ಮತಕ್ಕೆ ಬಾರದೆ ಗಡುವು ಮೀರಿತು. ನ್ಯೂಫೌಂಡ್‌ಲೆಂಡ್ ಕೂಡ ಮತದಾನ ಕೈಬಿಟ್ಟಿತು. ಆದ್ದರಿಂದ ಒಪ್ಪಂದ ಬಿದ್ದದ್ದು ಒಬ್ಬರಿಂದಲೇ ಎನ್ನುವುದು ಪೂರ್ತಿ ಸರಿಯಲ್ಲ. 1992ರ ಷಾರ್ಲಟ್‌ಟೌನ್ ಒಪ್ಪಂದದ ಮಾತುಕತೆಗೆ ಆದಿವಾಸಿ ನಾಯಕರನ್ನು ಕರೆಯಲಾಯಿತು. ಜನಮತ ಅದನ್ನೂ ತಿರಸ್ಕರಿಸಿತು, ಆ ಮಾತು ಬೇರೆ.

ಹಾರ್ಪರ್ 1993ರಲ್ಲಿ ಲಿಬರಲ್ ಪಕ್ಷದಿಂದ ರಾಷ್ಟ್ರ ಸಂಸತ್ತಿಗೆ ಹೋದರು, 1997ರಲ್ಲಿ ಸೋತರು. 2013ರ ಮೇ 17ರಂದು ಒಟ್ಟಾವಾದಲ್ಲಿ ತೀರಿಕೊಂಡಾಗ ಅಂತಿಮ ದರ್ಶನಕ್ಕೆ ಪಾರ್ಥಿವ ಶರೀರವನ್ನು ಇರಿಸಿದ್ದು ವಿನ್ನಿಪೆಗ್‌ನ ಅದೇ ಶಾಸನಸಭಾ ಭವನದಲ್ಲಿ.