ಪಾಪಡಖಾರ ಮತ್ತು ನೂರು ವರ್ಷದ ಮೊಟ್ಟೆ

ನಾಸಿಕದ ಗೆಳತಿಯರೇ, ಸಂಭಾಜಿನಗರದಿಂದ ಬಂದಿರುವ ಅಕ್ಕ-ತಂಗಿಯರೇ, ಬೇಸಿಗೆಯ ಹಪ್ಪಳದ ಬಗ್ಗೆ ಮಾತಾಡಿ ಅಂದಿರಿ. ಜೊತೆಗೆ ನಾನೊಂದು ಮೊಟ್ಟೆಯನ್ನೂ ತಂದಿದ್ದೇನೆ. ಗಾಬರಿ ಬೇಡ, ಬರೀ ಮಾತಿನಲ್ಲಿ!

ಮದುವೆಯಾಗಿ ಹಾಸನದಿಂದ ನಾಸಿಕಕ್ಕೆ ಬಂದ ಮೊದಲ ಬೇಸಿಗೆ. ಪಕ್ಕದ ಮನೆ ಕಾಕು ವಾಳವಣಕ್ಕೆ ಕರೆದರು. ನಾಗಲಿ ಪಾಪಡ ಅಂದರು. ಡಬ್ಬಿ ತೆರೆದರೆ ನಮ್ಮ ರಾಗಿ ಹಿಟ್ಟು! ಕುದಿಯುವ ನೀರಿಗೆ ಉಪ್ಪು, ಜೀರಿಗೆ, ಎಳ್ಳು ಬಿದ್ದವು. "ಆತಾ ಖಾರ್ ಘಾಲ್" ಅಂದರು. ನಾನು ಎರಡು ಚಮಚ ಮೆಣಸಿನಪುಡಿ ಸುರಿದೆ. ಅವರು ಕೇಳಿದ್ದು ಪಾಪಡಖಾರ. ಆ ವರ್ಷದ ಪಾಪಡ ತಿಂದವರೆಲ್ಲ ಕಣ್ಣೊರೆಸಿಕೊಂಡರು.

ಖಾರ್ ಅಂದರೆ ಕ್ಷಾರ, ಸೋಡಾದ ಜಾತಿ. ನಮ್ಮ 'ಖಾರ'ವೂ ಅದೇ ಸಂಸ್ಕೃತ ಪದದಿಂದಲೇ ಬಂದು ಮೆಣಸಿನಕಾಯಿಯ ಪಾಲಾಗಿದೆ. ಎಣ್ಣೆಗೆ ಬಿಟ್ಟಾಗ ಹಪ್ಪಳ ಅರಳಿ ಗರಿಗರಿಯಾಗುವುದು ಇದರಿಂದ. ಹೆಚ್ಚಾದರೆ ಸೋಪಿನ ರುಚಿ.

ಆ ಖಾರ್ ಮತ್ತೆ ನೆನಪಾದದ್ದು ಹೋದ ವರ್ಷ. ಸಿಂಗಪುರದಲ್ಲಿರುವ ಮಗಳು ವಾಟ್ಸಾಪಿನಲ್ಲಿ ತನ್ನ ಗಂಜಿ ಬಟ್ಟಲಿನ ಫೋಟೋ ಕಳಿಸಿದಳು. ಮೇಲೆ ಕಪ್ಪು ಮೊಟ್ಟೆಯ ಹೋಳು. "ನೂರು ವರ್ಷದ ಮೊಟ್ಟೆ ಅಮ್ಮಾ" ಅಂತ ಬರೆದಿದ್ದಳು. "ಕೊಳೆತದ್ದು ತಿನ್ನೋಕೆ ಅಷ್ಟು ದೂರ ಹೋದೆಯಾ?" ಅಂದುಬಿಟ್ಟೆ. ಮೂರು ದಿನ ಫೋನಿಲ್ಲ.

ನಾಲ್ಕನೇ ದಿನ ನಾನೇ ಮಾಡಿದೆ. ಹೇಗೆ ಮಾಡ್ತಾರೆ ಹೇಳು ಅಂದೆ. ಬಾತುಕೋಳಿಯ ಹಸಿ ಮೊಟ್ಟೆಗೆ ಸುಣ್ಣ, ಬೂದಿ, ಉಪ್ಪು, ಚಹಾ ಡಿಕಾಕ್ಷನ್, ಜೇಡಿಮಣ್ಣು ಕಲಸಿ ಮೆತ್ತುತ್ತಾರೆ. ಒಂದಕ್ಕೊಂದು ಅಂಟದಂತೆ ಭತ್ತದ ಹೊಟ್ಟಿನಲ್ಲಿ ಹೊರಳಿಸಿ ಜಾಡಿಯಲ್ಲಿಡುತ್ತಾರೆ. ನೂರು ವರ್ಷವೆಲ್ಲಿ ಬಂತು, ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು! ಚಿಪ್ಪಿನ ಸಣ್ಣ ರಂಧ್ರಗಳಿಂದ ಕ್ಷಾರ ಒಳಗಿಳಿಯುತ್ತದೆ. ಒಲೆಯೇ ಇಲ್ಲದೆ ಬಿಳಿಭಾಗ ಕಂದು ಜೆಲ್ಲಿಯಂತೆ ಗಟ್ಟಿಯಾಗುತ್ತದೆ, ಹಳದಿಭಾಗ ಹಸಿರುಬೂದು ಬೆಣ್ಣೆಯಂತಾಗುತ್ತದೆ. ಕೇಳುತ್ತಿದ್ದ ಹಾಗೆ ಕಾಕುವಿನ ಪಾಪಡಖಾರದ ಡಬ್ಬಿ ಕಣ್ಣೆದುರು ಬಂತು.

ಚೀನಾದಲ್ಲಿ ಅದಕ್ಕೆ ನೂರು ವರ್ಷದ ಹೆಸರೇ ಇಲ್ಲ. ಅದು ಇಂಗ್ಲಿಷಿನವರು ಇಟ್ಟದ್ದು. ಅಲ್ಲಿ ಪೀದಾನ್, ಅಂದರೆ ಚರ್ಮದ ಮೊಟ್ಟೆ. ಚಿಪ್ಪು ಸುಲಿದಾಗ ಮೇಲೆ ಪೈನ್ ಮರದ ಎಲೆಯಂಥ ಹರಳಿನ ಚಿತ್ತಾರ ಕಂಡರೆ ಸೊಂಗ್‌ಹುವಾ ದಾನ್, ಪೈನ್ ಹೂವಿನ ಮೊಟ್ಟೆ. ಎಷ್ಟು ಚೆಂದ ಅಲ್ಲವೇ! ಥಾಯ್ಲೆಂಡಿನವರು ಮಾತ್ರ ವಾಸನೆ ಹಿಡಿದು 'ಕುದುರೆ ಉಚ್ಚೆ ಮೊಟ್ಟೆ' ಅನ್ನುತ್ತಾರಂತೆ. ಕುದುರೆಗೂ ಅದಕ್ಕೂ ಸಂಬಂಧವಿಲ್ಲ, ಅಮೋನಿಯಾದ ಘಾಟು ಅಷ್ಟೇ. ನಾನಿಟ್ಟ 'ಕೊಳೆತದ್ದು' ಅನ್ನುವ ಹೆಸರೂ ಅದೇ ಸಾಲಿಗೆ ಸೇರಬೇಕು.

ಒಂದು ಎಚ್ಚರಿಕೆ ಮಾತ್ರ ಬಿಡಲಿಲ್ಲ, ತಾಯಿಯಲ್ಲವೇ. ಹಿಂದೆ ಮೊಟ್ಟೆ ಚೆನ್ನಾಗಿ ಹದವಾಗಲೆಂದು ಸೀಸದ ಆಕ್ಸೈಡ್ ಬೆರೆಸುತ್ತಿದ್ದರು, ಸೀಸ ವಿಷ. ಈಗ ಡಬ್ಬಿಯ ಮೇಲೆ 'ಸೀಸರಹಿತ' ಎಂದು ಬರೆದಿರುತ್ತದೆ, ಅದನ್ನು ನೋಡಿ ತಗೋ ಅಂದೆ.

ಈ ಬೇಸಿಗೆಗೆ ಮಗಳು ಬರುತ್ತಾಳೆ. ನಾಗಲಿ ಪಾಪಡ ಬೇಕಂತೆ, ಮೆಣಸಿನಪುಡಿ ಹಾಕದೆ! ಮೊಟ್ಟೆ ತರಲೇ ಅಂತ ಕೇಳಿದಳು. ತಾ, ಆದರೆ ಬಾಲ್ಕನಿಯಲ್ಲಿ ಕೂತು ತಿನ್ನು ಅಂದಿದ್ದೇನೆ.