ಶೀಲ ಯಾರ ಸೊತ್ತು?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಊರಿನವರು 'ಒಳ್ಳೆಯವನು' ಅಂತ ಯಾರನ್ನು ಕರೀತಾರೆ ಅನ್ನೋದು ನಮಗೆಲ್ಲ ಗೊತ್ತು. ಗೌಡರ ಮನೆ ಮುಂದೆ ಚಪ್ಪಲಿ ಕೈಲಿ ಹಿಡಿದು ನಡೆದ ನಮ್ಮಪ್ಪ ಒಳ್ಳೆಯವನು. ಕೂಲಿ ಕಮ್ಮಿ ಕೊಟ್ಟರೂ ಬಾಯಿ ಬಿಡದ ನಮ್ಮವ್ವ ಒಳ್ಳೆಯವಳು. 'ಯಾಕೆ?' ಅಂತ ಕೇಳಿದ ಮಗ ಕೆಟ್ಟವನು. ನಮ್ಮ ಭಯಕ್ಕೆ ಅವರು ಇಟ್ಟ ಹೆಸರು ಗುಣ. ಅದಕ್ಕೇ ನೀತಿ, ಶೀಲ ಅಂದರೆ ನಮ್ಮ ಹುಡುಗರು ನಗ್ತಾರೆ. ಆದರೆ ನಕ್ಕು ಸುಮ್ಮನಾದರೆ ಶೀಲವನ್ನು ನಾವೇ ಅವರ ಹೆಸರಿಗೆ ಬರೆದುಕೊಟ್ಟಂತೆ.

ಬಾಬಾಸಾಹೇಬರು ಹಾಗೆ ಬಿಟ್ಟುಕೊಡಲಿಲ್ಲ. 1936ರಲ್ಲಿ ಲಾಹೋರಿನ ಸಭೆಗೆಂದು ಅವರು 'ಜಾತಿ ವಿನಾಶ' ಭಾಷಣ ಬರೆದರು. ಕರೆದವರೇ ಅದನ್ನು ಅರಗಿಸಿಕೊಳ್ಳಲಾರದೆ ಸಭೆ ರದ್ದು ಮಾಡಿದರು. ಅವರು ತಾವೇ ಅಚ್ಚು ಹಾಕಿಸಿದರು. ಜಾತಿ ಇರುವ ಕಡೆ ಗುಣಕ್ಕೂ ಜಾತಿ ಅಂಟುತ್ತದೆ, ಮರುಕ ಜಾತಿಯ ಗಡಿ ದಾಟುವುದಿಲ್ಲ ಎಂಬುದು ಅದರಲ್ಲಿನ ಒಂದು ಮುಖ್ಯ ವಿಚಾರ.

ಇದು ಮೇಲ್ಜಾತಿಯವರಿಗೆ ಮಾತ್ರ ಹೇಳಿದ್ದು ಅಂದುಕೊಂಡಿದ್ದೆವು. ನಾವಿದ್ದ ಹಾಸ್ಟೆಲಿನಲ್ಲಿ ಅಕ್ಕಿ ಕದ್ದ ವಾರ್ಡನ್ ವಿರುದ್ಧ ಮೂರು ದಿನ ಊಟ ಬಿಟ್ಟು ಕೂತೆವು. ಮರುವರ್ಷ ನಮ್ಮವನೇ ಒಬ್ಬ ಮೆಸ್ಸಿನ ದುಡ್ಡು ತಿಂದ. 'ನಮ್ ಹುಡುಗ, ಬಿಡ್ರೋ' ಅಂದೆವು. ಊಟಕ್ಕೆ ಬಲಗೈಯವರದೊಂದು ಸಾಲು, ಎಡಗೈಯವರದೊಂದು ಸಾಲು. ಯಾರೂ ಕೂರಿಸಿರಲಿಲ್ಲ, ನಾವೇ ಕೂತಿದ್ದೆವು. ಕಕ್ಕಸು ತೊಳೆಯಲು ಬರುತ್ತಿದ್ದ ಅಮ್ಮನ ಹೆಸರು ನಮ್ಮಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ಗೋಡೆ ಮೇಲೆ ಬಾಬಾಸಾಹೇಬರ ಫೋಟೋ ಇತ್ತು.

ಹಾಗಾದರೆ ಶೀಲ ಅಂದರೇನು? 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯಲ್ಲಿ ನೀರು ಕುಡಿದು ಬಂದ ನಮ್ಮ ಜನರ ಮೇಲೆ ಸವರ್ಣರು ದೊಣ್ಣೆ ಹಿಡಿದು ಬಿದ್ದರು. ನಮ್ಮವರಲ್ಲಿ ಸೈನ್ಯದಲ್ಲಿ ದುಡಿದು ಬಂದವರೂ ಇದ್ದರು. ತಿರುಗಿ ಹೊಡೆಯಲು ಎದ್ದವರನ್ನು ಬಾಬಾಸಾಹೇಬರು ತಡೆದರು. ಅದೇ ವರ್ಷ ಡಿಸೆಂಬರ್ 25ರಂದು ಅದೇ ಮಹಾಡದಲ್ಲಿ ಮನುಸ್ಮೃತಿ ಸುಟ್ಟರು. ಹೆದರಿ ಸುಮ್ಮನಿರೋದು ಬೇರೆ, ಹೊಡೆಯೋ ಕೈ ಇದ್ದೂ ತಡೆಯೋದು ಬೇರೆ. ಮೊದಲನೆಯದು ಗುಲಾಮಗಿರಿ. ಎರಡನೆಯದು ಶೀಲ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನ ಅವರೊಂದಿಗೆ ಪಂಚಶೀಲ ಸ್ವೀಕರಿಸಿದರು. ಕೊಲ್ಲುವುದಿಲ್ಲ, ಕದಿಯುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ, ಸುಳ್ಳಾಡುವುದಿಲ್ಲ, ಕುಡಿಯುವುದಿಲ್ಲ. ಇವು ದೇವರ ಆಜ್ಞೆಯಲ್ಲ, ಗೌಡನ ಕಟ್ಟಳೆಯೂ ಅಲ್ಲ. ಮನುಷ್ಯ ತಾನೇ ಬಾಯಿಬಿಟ್ಟು ಹೇಳಿ ಹೊರುವ ಹೊಣೆ. ಯಾರೂ ನೋಡದಿದ್ದಾಗಲೂ ಅದನ್ನು ಹೊರಬೇಕು. 'ನಮ್ಮವನು' ಎದುರಿಗಿದ್ದಾಗ ಇನ್ನೂ ಹೆಚ್ಚು ಹೊರಬೇಕು.

ನಾಳೆ ನಮ್ಮಲ್ಲಿ ಕೆಲವರು ಗುಮಾಸ್ತರಾಗ್ತೀವಿ, ಮೇಷ್ಟ್ರಾಗ್ತೀವಿ, ಸಾಹೇಬರೂ ಆಗ್ತೀವಿ. ಓದು ಇದ್ದು ಶೀಲ ಇಲ್ಲದಿದ್ದರೆ ಕೇರಿಗೆ ಇನ್ನೊಬ್ಬ ಗೌಡ ಸಿಕ್ಕಂತಾಯಿತು, ಅಷ್ಟೆ.

ಇವತ್ತು ರಾತ್ರಿ ಊಟಕ್ಕೆ ಸಾಲು ಮುರಿದು ಕೂರೋಣ. ತಿಂಗಳ ಕೊನೆಗೆ ಮೆಸ್ಸಿನ ಲೆಕ್ಕ ಎಲ್ಲರೆದುರು ಓದೋಣ. ಬೆಳಿಗ್ಗೆ ಆ ಅಮ್ಮ ಬಂದಾಗ ಹೆಸರು ಕೇಳೋಣ.

ಜೈ ಭೀಮ್.