ವಿದ್ಯಾರ್ಥಿಗಳ ಕುಳಿತಿರುವಿಕೆಯೂ ಆರೋಗ್ಯವೂ
(ಮಹೋತ್ಸವದ ಸದ್ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಕಾಯಕವೆಂಬ ಶಬ್ದದಲ್ಲಿಯೇ ಕಾಯವು ಅಡಗಿರುವುದು. ಹನ್ನೆರಡನೆಯ ಶತಮಾನದ ಶಿವಶರಣರು ಮೈಮುರಿದು ದುಡಿಯುವುದನ್ನು ಪೂಜೆಗೆ ಸಮನೆಂದೆಣಿಸಿದರು. ನುಲಿಯ ಚಂದಯ್ಯನು ಹುಲ್ಲು ಕೊಯ್ದು ಹಗ್ಗ ಹೊಸೆದನು. ಆಯ್ದಕ್ಕಿ ಮಾರಯ್ಯನು ಚೆಲ್ಲಿದ ಅಕ್ಕಿಯನ್ನು ಆಯ್ದನು. ಆ ಪರಂಪರೆಯ ಮಠಗಳ ಆಶ್ರಯದಲ್ಲಿ ಓದುವ ಮಕ್ಕಳಲ್ಲಿ ಎಷ್ಟೋ ಮಂದಿಯ ದಿನಚರಿಯನ್ನು ನೋಡಿದರೆ ಕಾಯಕ್ಕೆ ಕಾಯಕವೇ ಇಲ್ಲದಂತಾಗಿರುವುದು. ಶಾಲೆಯಲ್ಲಿ ಬೆಂಚಿನ ಮೇಲೆ ಕುಳಿತವರು ಮನೆಪಾಠದಲ್ಲಿ ಮತ್ತೆ ಕುಳಿತುಕೊಳ್ಳುವರು. ರಾತ್ರಿಯ ಓದಿಗೂ ಕುಳಿತೇ ಇರುವರು. ಉಳಿದ ವೇಳೆಯನ್ನು ಮೊಬೈಲು ನುಂಗುವುದು.

ಬಹುಕಾಲ ಕುಳಿತಿರುವುದು ಕೇಡೆಂಬುದು ಹೊಸ ಮಾತಲ್ಲ. ಸುಖಾಸನದಲ್ಲಿ ಕಾಲ ಕಳೆಯುವುದನ್ನು ಚರಕಸಂಹಿತೆಯು ಪ್ರಮೇಹದ ಕಾರಣಗಳಲ್ಲಿ ಎಣಿಸಿರುವುದು. ಇಟಲಿಯ ವೈದ್ಯ ರಾಮಜ್ಜೀನಿಯು 1700ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕುಳಿತು ದುಡಿಯುವ ಕಸಬುದಾರರ ರೋಗಗಳನ್ನು ವಿವರಿಸಿ, ಅವರಿಗೆ ವ್ಯಾಯಾಮವನ್ನು ವಿಧಿಸಿದನು. ಲಂಡನ್ನಿನ ಬಸ್ಸುಗಳಲ್ಲಿ ಕುಳಿತೇ ಇರುವ ಚಾಲಕರಿಗೆ, ಮೆಟ್ಟಿಲು ಹತ್ತಿಳಿಯುವ ಕಂಡಕ್ಟರರಿಗಿಂತ ಹೃದ್ರೋಗವು ಹೆಚ್ಚೆಂದು ಡಾಕ್ಟರ್ ಮಾರಿಸ್ ಅವರು 1953ರಲ್ಲಿ ತೋರಿಸಿದರು.

ಇವು ವಯಸ್ಕರ ಮಾತಾದುವು, ಮಕ್ಕಳ ವಿಷಯವೇನು? 2015ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಏಳರಿಂದ ಹನ್ನೊಂದು ವರ್ಷದ 28 ಆರೋಗ್ಯವಂತ ಮಕ್ಕಳನ್ನು ಒಂದು ದಿನ ಮೂರು ಗಂಟೆ ಎಡೆಬಿಡದೆ ಕೂರಿಸಿದರು. ಇನ್ನೊಂದು ದಿನ ಪ್ರತಿ ಅರ್ಧಗಂಟೆಗೆ ಮೂರು ನಿಮಿಷ ನಡೆಸಿದರು. ನಡೆದ ದಿನ ರಕ್ತದಲ್ಲಿ ಸಕ್ಕರೆಯೂ ಇನ್ಸುಲಿನ್ನೂ ಕಡಮೆಯಾಗಿದ್ದುವು. ಕಾರಣವು ಸರಳವು. ಕಾಲಿನ ಮಾಂಸಖಂಡಗಳು ಕೆಲಸ ಮಾಡುವಾಗ ರಕ್ತದ ಸಕ್ಕರೆಯನ್ನು ಹೀರಿಕೊಳ್ಳುವುವು. ಮೀನಖಂಡಗಳು ಹಿಂಡಿದಾಗ ಕಾಲಿನಲ್ಲಿಳಿದ ರಕ್ತವು ಹೃದಯಕ್ಕೆ ಮರಳುವುದು.

ಇನ್ನು ಬುದ್ಧಿಯ ವಿಷಯ. ಇಪ್ಪತ್ತು ನಿಮಿಷ ನಡೆದ ಬಳಿಕ ಮಕ್ಕಳ ಅವಧಾನವೂ ಓದಿದುದನ್ನು ಗ್ರಹಿಸುವ ಶಕ್ತಿಯೂ ಹೆಚ್ಚಿದುದನ್ನು 2009ರ ಪ್ರಯೋಗವೊಂದು ಕಂಡಿತು. 2018ರಲ್ಲಿ ಇಂಗ್ಲೆಂಡಿನ ಕಚೇರಿ ನೌಕರರಲ್ಲಿ ನಡೆಸಿದ ಪರೀಕ್ಷೆಯಲ್ಲಿ, ದೀರ್ಘಕಾಲ ಕುಳಿತಾಗ ಮೆದುಳಿಗೆ ಹರಿಯುವ ರಕ್ತವು ಇಳಿಯಿತು. ಅರ್ಧಗಂಟೆಗೊಮ್ಮೆ ಎರಡು ನಿಮಿಷ ನಡೆದಾಗ ಇಳಿಯಲಿಲ್ಲ. ಎಲ್ಲ ಪ್ರಯೋಗಗಳೂ ಒಂದೇ ಫಲವನ್ನು ಕೊಟ್ಟಿಲ್ಲ. ಕೆಲವುಗಳಲ್ಲಿ ಬುದ್ಧಿಗೆ ಲಾಭವೇ ಕಾಣಲಿಲ್ಲ. ಆದುದರಿಂದ ನಡೆದ ಮಾತ್ರಕ್ಕೆ ಅಂಕಗಳು ಏರುವುವೆಂದು ಯಾರೂ ಭ್ರಮಿಸಬಾರದು. ದೇಹಕ್ಕಾಗುವ ಹಿತವೊಂದೇ ಈ ಅಭ್ಯಾಸಕ್ಕೆ ಸಾಕಾದ ಕಾರಣವು.

“ಸ್ಥಿರವಾಗಿ ಕೂರಲಾರದವನು ಓದುವುದೆಂತು?” ಎಂದು ಹಿರಿಯರು ಕೇಳಬಹುದು. ಆಸನಸ್ಥೈರ್ಯವು ಲಿಂಗಪೂಜೆಯಲ್ಲಿ ಭೂಷಣವೇ ಸರಿ. ಆದರೆ ಪೂಜೆಯು ಮಿತಕಾಲದ್ದು. ಅಲ್ಲಿ ಮನಸ್ಸು ಎಚ್ಚತ್ತಿರುವುದು. ಪುಸ್ತಕದ ಮೇಲೆ ತೂಕಡಿಸುತ್ತ ಮೂರು ಗಂಟೆ ಕುಳಿತವನದು ಸ್ಥೈರ್ಯವಲ್ಲ, ಜಡತೆ. ಬಡ ರೈತನೊಬ್ಬನು ಸಾಲ ಮಾಡಿ ಮಗನನ್ನು ಓದಲು ಕಳುಹುವನು. ಆ ಮಗನು ಪದವಿಯನ್ನು ಪಡೆದು, ನಡುವಯಸ್ಸಿಗೇ ಸಕ್ಕರೆರೋಗಕ್ಕೆ ಸಿಕ್ಕಿದರೆ, ತಂದೆಯ ಬೆವರು ಅರ್ಧ ವ್ಯರ್ಥವಾದಂತಲ್ಲವೆ?

ಇದಕ್ಕೆ ಬೇಕಾದ ಸಾಧನವು ಪ್ರತಿ ಮಠದಲ್ಲಿಯೂ ಇರುವ ಗಂಟೆಯೊಂದೇ. ಓದಿನ ವೇಳೆಯಲ್ಲಿ ಅರ್ಧಗಂಟೆಗೊಮ್ಮೆ ಗಂಟೆ ಬಾರಿಸಲಿ. ಮಕ್ಕಳೆದ್ದು ಅಂಗಳವನ್ನೊಮ್ಮೆ ಸುತ್ತಿ ಬರಲಿ. ಒಬ್ಬನು ನೀರು ತರಲಿ, ಒಬ್ಬನು ಕಸ ಗುಡಿಸಲಿ, ಒಬ್ಬನು ಅಡ್ಡಾಡುತ್ತ ಪಾಠವನ್ನು ಬಾಯಿಪಾಠ ಮಾಡಲಿ. ನಿಲ್ಲಲಾರದ ಅಂಗವಿಕಲ ಮಕ್ಕಳು ಕುಳಿತಲ್ಲಿಯೇ ತೋಳುಗಳನ್ನಾಡಿಸಲಿ. ಆ ಬಿಡುವಿನಲ್ಲಿ ಮೊಬೈಲು ಕೈಗೆ ಬಾರದಿರಲಿ. ಇದು ಸಂಜೆಯ ಆಟಕ್ಕೆ ಬದಲಲ್ಲ. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳಾದರೂ ಚುರುಕಾದ ಚಲನೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಿಧಿಸಿರುವುದು.

ದಾಸೋಹದಲ್ಲಿ ಅನ್ನವಿಕ್ಕಿ, ಶಾಲೆಯಲ್ಲಿ ಅಕ್ಷರವಿಕ್ಕಿದ ಮಠಗಳು ಮಕ್ಕಳ ಕಾಲುಗಳಿಗೂ ಇಷ್ಟು ಕಾಯಕವನ್ನು ಕೊಡಲಿ. ಮನೆಗಳಲ್ಲಿ ತಾಯಿತಂದೆಗಳೂ ಇದನ್ನೇ ಅನುಸರಿಸಲಿ. ಪರಶಿವನು ಸರ್ವರಿಗೂ ಆಯುರಾರೋಗ್ಯವನ್ನು ಕರುಣಿಸಲಿ.